ಆಮೆಮರಿಗಳಿಗೆ ದಾರಿ ಬಿಡಿಸಿದ ಯರ್ರಮ್ಮ

ಅರವತ್ತು ತುಂಬಿದ್ದರೂ ದೇವಸಮುದ್ರದ ಯರ್ರಮ್ಮ ಸಮುದ್ರ ನೋಡಿರಲಿಲ್ಲ. ಊರಿನ ಹೆಂಗಸರ ಸಂಘದವರು ಪ್ರವಾಸ ಹೊರಟಾಗ ಕುರಿಗಳನ್ನು ಸೊಸೆ ಸೌಂದರ್ಯಳಿಗೆ ಒಪ್ಪಿಸಿ ತಾನೂ ಬಸ್ಸು ಹತ್ತಿದಳು. ಬಸ್ಸು ಗೊತ್ತುಮಾಡಿ ಮುಂದೆ ನಿಂತು ಕರೆದೊಯ್ದವನು ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಶಶಿಕಾಂತ್.

ಹೊನ್ನಾವರದ ಕಡೆಯ ಕಡಲತೀರ ತಲುಪಿದಾಗ ಬೆಳಗಿನ ಆರು ಗಂಟೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಪಾಡಿದ್ದ ಮೊಟ್ಟೆಗಳೊಡೆದು, ಅಂಗೈಗಿಂತ ಚಿಕ್ಕ ಆಮೆಮರಿಗಳು ನೀರಿನತ್ತ ತೆವಳುತ್ತಿದ್ದವು.

“ದೂರ ನಿಲ್ಲಿ, ಮುಟ್ಟಬೇಡಿ!” ಎಂದು ಕಾವಲುಗಾರನೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಕೇಳುವವರು ಯಾರು? ನಾಲ್ಕಾರು ಬಸ್ಸಿನ ಜನ ಮೊಬೈಲು ಹಿಡಿದು ಮುಗಿಬಿದ್ದಿದ್ದರು. ಯರ್ರಮ್ಮನ ಕಣ್ಣೆದುರೇ ಒಂದು ಮರಿ ಯಾರದೋ ಚಪ್ಪಲಿಯಡಿ ಸಿಕ್ಕಿ ಮರಳಲ್ಲಿ ಹೂತುಹೋಯಿತು. ಅವಳು ಬಗ್ಗಿ ಮರಳು ಸರಿಸಿದಳು. ಅದು ಅಲುಗಲಿಲ್ಲ.

ಎದ್ದು ನೋಡಿದರೆ ಶಶಿಕಾಂತ್ ಇನ್ನೊಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಿದ್ದ.

“ಕೆಳಗಿಡ್ರಿ ಸಾವ್ಕಾರ್ರೆ.”

“ಒಂದೇ ಫೋಟೋ ಯರ್ರಮ್ಮ. ಇಷ್ಟು ದೂರ ಬಂದಿದ್ದು ಸುಮ್ನೆ ನಿಂತು ನೋಡಾಕಾ?”

“ಹೂಂ, ಅದಕ್ಕೇ. ಆಗ್ಲೇ ಒಂದು ಸತ್ತೈತೆ. ಇಡ್ರಿ ಕೆಳಗೆ.”

ಅವನ ಮುಖ ಕೆಂಪಾಯಿತು. “ಜನರ ಮುಂದೆ ಹಿಂಗೆ ಮಾತಾಡಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ.”

“ಹೋಗ್ರಿ. ಸರ್ಕಾರಿ ಬಸ್ಸೈತೆ, ನಂಗೆ ಬಾಯೈತೆ. ಕೇಳ್ಕಂಡು ಊರು ಸೇರ್ತೀನಿ.”

ಅವನು ಮರಿಯನ್ನು ಇಟ್ಟು ಬಸ್ಸಿನತ್ತ ನಡೆದ. ಯರ್ರಮ್ಮ ಕಾವಲುಗಾರನ ಕೈಯಲ್ಲಿದ್ದ ಹಗ್ಗದ ಒಂದು ತುದಿ ಹಿಡಿದಳು; ಇನ್ನೊಂದನ್ನು ಸಂಘದ ಲೆಕ್ಕ ಬರೆಯುವ ದಾಕ್ಷಾಯಿಣಿಗೆ ಕೊಟ್ಟಳು. “ಎಲ್ರೂ ಹಗ್ಗದಾಚೆ ಹೋಗಿ ಕುಂತ್ಕಳ್ರಿ!” ಆ ಗುಡ್ಡದ ಕುರಿಯನ್ನು ಈ ಗುಡ್ಡದಿಂದ ಕರೆಯುವ ದನಿ ಅದು. ಮೊದಲು ದೇವಸಮುದ್ರದವರು ಕೂತರು, ಆಮೇಲೆ ಉಳಿದವರು. “ನೀನ್ಯಾರು ಹೇಳೋಕೆ?” ಎಂದವನೊಬ್ಬನನ್ನು ಅವಳು ರೆಪ್ಪೆ ಹೊಡೆಯದೆ ನೋಡಿದಳು. ಅವನೂ ಕೂತ.

ಬಸ್ಸು ಹಾರ್ನ್ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಓಡಿದರು. ಯರ್ರಮ್ಮ ಕದಲಲಿಲ್ಲ. ಕೊನೆಯ ಮರಿಯನ್ನು ಅಲೆಯೊಂದು ಎಳೆದುಕೊಂಡಿತು, ದಡಕ್ಕೆ ಎಸೆಯಿತು, ಮತ್ತೆ ಎಳೆದುಕೊಂಡಿತು. ಈ ಸಲ ಅದು ಹಿಂದೆ ಬರಲಿಲ್ಲ.

ತಿರುಗಿ ನೋಡಿದಾಗ ಬಸ್ಸು ಹೊರಟುಹೋಗಿತ್ತು. ದಾಕ್ಷಾಯಿಣಿ ಮಾತ್ರ ಇನ್ನೂ ಹಗ್ಗ ಹಿಡಿದು ನಿಂತಿದ್ದಳು.

“ನೀನ್ಯಾಕವ್ವ ಉಳ್ಕಂಡೆ?”

“ನಿಮ್ಮನ್ನ ಒಬ್ರನ್ನೇ ಬಿಟ್ಟು ಹೆಂಗೆ ಹೋಗ್ಲಿ ಯರ್ರಮ್ಮಕ್ಕ?”

ಕಾವಲುಗಾರ ಇಬ್ಬರಿಗೂ ಚಹಾ ಕುಡಿಸಿ ಬಸ್ ನಿಲ್ದಾಣದವರೆಗೆ ಬಂದ. ಮೂರು ಬಸ್ಸು ಬದಲಿಸಿ ಮರುದಿನ ಊರು ಸೇರಿದರು. ಆ ವಾರದ ಸಂಘದ ಸಭೆಯಲ್ಲಿ ಬಿಟ್ಟುಬಂದವರು ತಲೆ ತಗ್ಗಿಸಿ ಕೂತಿದ್ದರು. ಯರ್ರಮ್ಮ ಯಾರನ್ನೂ ಬೈಯಲಿಲ್ಲ.

“ಮುಂದ್ಲ ವರ್ಷ ನಾವೇ ಬಸ್ಸು ಮಾಡ್ಕಂಡು ಹೋಗಾನ,” ಎಂದಳು. “ಯಾರ್ಯಾರು ಬರ್ತೀರಿ, ಈಗ್ಲೇ ಹೆಸ್ರು ಹೇಳ್ರಿ.”