ಸೀಟಿಲ್ಲದ ವಿಮಾನ

ಫಹ್ಮಿದಾಳ ಹಟ ಪುಲಿಕೇಶಿನಗರದ ಮಾಸ್ಕ್ ರೋಡಿಗೆಲ್ಲ ಗೊತ್ತಿತ್ತು. ಮೆಕ್ಕಾದ ಉಮ್ರಾ ಯಾತ್ರೆಗೆ ಹೋದರೆ ಮಗಳು ಮಿಸ್ಬಾ ಓಡಿಸುವ ವಿಮಾನದಲ್ಲೇ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಮಗಳಿನ್ನೂ ಪೈಲಟ್ ತರಬೇತಿಯಲ್ಲಿದ್ದಾಗ ಗಂಡ ಅಕ್ತರ್ ಬೈದು, ಬೇಡಿಕೊಂಡು, ಕೊನೆಗೆ ಒಬ್ಬನೇ ಹೋಗಿಬಂದ. ಮರುವರ್ಷ ಅವನು ತೀರಿಕೊಂಡ. ಆಮೇಲೆ ಫಹ್ಮಿದಾಳ ಕಿಡ್ನಿಯೂ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಹಟ ಮಾತ್ರ ಒಂದಿಂಚೂ ಕದಲಲಿಲ್ಲ. "ಹೋಗೋದಾದ್ರೆ ಬೇಗ ಹೋಗ್ಬನ್ನಿ, ತಡ ಮಾಡ್ಬೇಡಿ" ಎಂದು ಡಾಕ್ಟರು ಹೇಳಿದ್ದರು.

ಅಂಥ ಹೊತ್ತಿನಲ್ಲೇ ಮಿಸ್ಬಾಗೆ ಒಟ್ಟೊಟ್ಟಿಗೆ ಎರಡು ಕೆಲಸ ಬಂದವು. ಪ್ರಯಾಣಿಕರ ವಿಮಾನದ ಕಂಪನಿ ದೆಹಲಿಗೆ ಬಾ ಎಂದಿತು. ಅಲ್ಲಿ ಸೇರಿದರೆ ತಿಂಗಳಿಗೆ ನಾಲ್ಕು ದಿನ ಮನೆ ಕಂಡರೆ ಅದೇ ಪುಣ್ಯ. ಸರಕು ಸಾಗಿಸುವ ಕಂಪನಿ ಬೆಂಗಳೂರಲ್ಲೇ ಇರು ಎಂದಿತು. ರಾತ್ರಿ ಹಾರಾಟ, ಹಗಲೆಲ್ಲ ಮನೆ. ಡಯಾಲಿಸಿಸ್ ಕುರ್ಚಿಯ ಪಕ್ಕ ಕೂರುವವರು ಬೇರೆ ಯಾರಿದ್ದರು? ಅವಳು ಸರಕಿನ ವಿಮಾನ ಆರಿಸಿಕೊಂಡಳು. ಅಮ್ಮನಿಗೆ, "ಕೆಲಸ ಸಿಕ್ತು ಅಮ್ಮಿ, ಊರಲ್ಲೇ" ಎಂದಷ್ಟೇ ಹೇಳಿದಳು. ಉಳಿದದ್ದನ್ನು ಸಮಯ ನೋಡಿ ಹೇಳಿದರಾಯಿತು ಎಂದುಕೊಂಡಳು. ಅಯ್ಯೋ, ಆ ಸಮಯ ಅನ್ನೋದು ಯಾರಿಗೆ ತಾನೇ ತಾನಾಗಿ ಬಂದಿದೆ!

ಯಾತ್ರೆಗೆ ಹೊರಡುವವರು ನಂಟರಿಷ್ಟರ ಮನೆಮನೆಗೂ ಹೋಗಿ, ಹಿಂದೆ ಆಡಿದ್ದನ್ನೆಲ್ಲ ಮರೆತು ಮಾಫ್ ಮಾಡಿ ಎಂದು ಕೇಳಿಕೊಳ್ಳುವುದು ಅವರಲ್ಲಿ ಪದ್ಧತಿ. ಟಿಕೆಟ್ ಕೈಗೆ ಬಂದ ಮೇಲೆ ಕೇಳುತ್ತಾರೆ. ಫಹ್ಮಿದಾಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ಬೆಳಿಗ್ಗೆ, ಡ್ಯೂಟಿ ಮುಗಿಸಿ ಬಂದ ಮಗಳು ಮಲಗಿದ್ದಾಗ, ಆಟೋ ಹತ್ತಿ ಹೊರಟೇಬಿಟ್ಟಳು. ಊದಿದ ಕಾಲೆಳೆದುಕೊಂಡು ಎಷ್ಟೋ ಮೆಟ್ಟಿಲು ಹತ್ತಿದಳು. ಕೊನೆಗೆ ಶಿವಾಜಿನಗರದ ನಾದಿನಿ ಜಹನಾರಾಳ ಮನೆಗೂ ಹೋದಳು. ಯಾವುದೋ ಮದುವೆಯಲ್ಲಿ ಬಿರಿಯಾನಿ ಸಾಲದೆ ಹೋದದ್ದಕ್ಕೆ ಶುರುವಾದ ಜಗಳದಲ್ಲಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಜಹನಾರಾ ಬಾಗಿಲಲ್ಲೇ ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಏರ್‌ಪೋರ್ಟಿನಲ್ಲಿ ಸರಕು ಇಳಿಸುವ ಕಡೆ ಕೆಲಸದಲ್ಲಿದ್ದ ಅವಳ ಮಗ ಫಹೀಮ್ ಒಳಗಿಂದ ಬಂದು, ಪಾಪ, ಗೊತ್ತಿಲ್ಲದೆ ಅಂದುಬಿಟ್ಟ: "ಮಿಸ್ಬಾ ಓಡಿಸೋ ವಿಮಾನದಲ್ಲಾ ಮಾಮಿ? ಅದ್ರಲ್ಲಿ ಬರೀ ಪೆಟ್ಟಿಗೆ ಹೋಗುತ್ತೆ. ಸೀಟೇ ಇರಲ್ವಲ್ಲ."

ಫಹ್ಮಿದಾ ಮನೆಗೆ ಬಂದಾಗ ಮಿಸ್ಬಾ ಎದ್ದು ಚಹಾ ಕಾಸುತ್ತಿದ್ದಳು.

"ಸೀಟಿಲ್ವಂತೆ, ನಿಜಾನಾ?"

ಮಿಸ್ಬಾ ಸ್ಟೋವ್ ಆರಿಸಿದಳು. ಎಲ್ಲವನ್ನೂ ಹೇಳಿದಳು. "ನಿಮ್ಮನ್ನ ಬಿಟ್ಟು ಹೇಗೆ ಹೋಗ್ಲಿ ಅಮ್ಮಿ? ಡಯಾಲಿಸಿಸ್ ಹೊತ್ತಲ್ಲಿ ನಿಮ್ಮ ಪಕ್ಕ ಯಾರು ಕೂರ್ತಾರೆ?"

"ನನ್ನ ಕೇಳಿದ್ಯಾ?" ಫಹ್ಮಿದಾ ಕುರ್ಚಿ ಎಳೆದು ಕೂತಳು. "ಆಸ್ಪತ್ರೆಯ ನರ್ಸಮ್ಮನ ಜೊತೆ ಇದ್ಬಿಡ್ತಿದ್ದೆ ನಾನು. ಆ ಮಷೀನಿಗೆ ಕೈ ಒಡ್ಡಿ ಮಲಗಿದಾಗೆಲ್ಲ ಒಂದೇ ಯೋಚನೆ ನಂಗೆ. ನೀನು ಮುಂದೆ ಕೂತು ಓಡಿಸ್ತೀಯ, ನಾನು ಹಿಂದೆ ಕೂತು ಪಕ್ಕದವರಿಗೆಲ್ಲ ನನ್ನ ಮಗಳು ಅಂತೀನಿ. ಅದೊಂದಕ್ಕೇ ಸೂಜಿ ಚುಚ್ಚಿಸ್ಕೋತಿದ್ದೆ ಬೇಟಾ."

ಮಿಸ್ಬಾ ಅಲ್ಲೇ ನಿಂತು ದೆಹಲಿಯ ಕಂಪನಿಗೆ ಫೋನ್ ಮಾಡಿದಳು. ಆ ಜಾಗಕ್ಕೆ ಬೇರೆಯವರು ಬಂದಾಯಿತು, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ! ಆ ಎರಡು ಮಾತು ಕೇಳಿ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫಹ್ಮಿದಾ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು.

ಸಂಜೆ ಪಕ್ಕದ ಮನೆಯ ಅಮೃತಮ್ಮ ಬಂದರು. "ಏನ್ರೀ ಫಹ್ಮಿದಮ್ಮ, ಬೆಳಿಗ್ಗೆ ನಮ್ಮನೆಗೂ ಬಂದು ಕ್ಷಮೆ ಕೇಳ್ಬಿಟ್ಟು ಹೋದ್ರಂತೆ! ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ನಮ್ಮ ನಿಮ್ಮ ಮಧ್ಯೆ ಎಂಥ ಕ್ಷಮೆ ಬಿಡ್ರೀ. ಯಾವಾಗ ಹೊರಡೋದು?"

ಅಡಿಗೆಮನೆಯಲ್ಲಿದ್ದ ಮಿಸ್ಬಾ ಬಾಗಿಲಿಗೆ ಬಂದಳು. ತಪ್ಪು ನನ್ನದು ಆಂಟಿ ಎಂದು ಹೇಳಿಯೇಬಿಡಬೇಕೆಂದು ಬಾಯಿ ತೆರೆದಳು. ಫಹ್ಮಿದಾ ಕಣ್ಣಲ್ಲೇ ಗದರಿ ಅವಳ ಬಾಯಿ ಮುಚ್ಚಿಸಿದಳು.

"ಹಬ್ಬ ಆದ್ಮೇಲೆ ಅಮೃತಮ್ಮ," ಎಂದಳು ನಗುನಗುತ್ತಾ. "ಇವಳದೇ ವಿಮಾನ. ಕಿಟಕಿ ಪಕ್ಕದ ಸೀಟೇ ಕೊಡ್ತಾಳಂತೆ."

ಊರಿಗೆಲ್ಲ ಮಾಫಿ ಕೇಳಿ ಬಂದವಳು, ಹೊತ್ತು ಮುಳುಗುವುದರೊಳಗೆ ಮಗಳ ಮಾನ ಕಾಯಲು ಸುಳ್ಳು ಹೇಳಿದ್ದಳು. ಅಮೃತಮ್ಮ ಅವಳ ಕೈ ಹಿಡಿದು, ನಮಗೋಸ್ಕರಾನೂ ಅಲ್ಲಿ ಬೇಡ್ಕೊಳ್ರೀ ಎಂದರು. ಬೇಡ್ಕೋತೀನಿ ಎಂದು ಫಹ್ಮಿದಾ ಮಾತು ಕೊಟ್ಟಳು.