ಒಲೆಯ ಮುಂದೆ ಕೂತವಳು

ಸಾವಿತ್ರವ್ವ ವರ್ಷದಿಂದ ಯಾರ ಮನೆಯ ಜಮಖಾನೆಯ ಮೇಲೂ ಕೂತಿರಲಿಲ್ಲ. ಹೋದಲ್ಲೆಲ್ಲ ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡುವಳು. ‘ಒಳಗ ಬಾ, ಕುಂಡ್ರು’ ಅಂದರೆ ‘ಎಮ್ಮಿ ಹಿಂಡೂದೈತಿ’ ಅನ್ನುವಳು. ಎಮ್ಮೆ ಬತ್ತಿ ಎಷ್ಟೋ ದಿನವಾಗಿದ್ದರೂ ನೆವ ಮಾತ್ರ ಬತ್ತಿರಲಿಲ್ಲ. ಉಡುವುದೂ ಒಂದೇ ಕರಿ ಸೀರೆ. ಅದು ಒಣಗದಿದ್ದರೆ ಇನ್ನೊಂದು ಕರಿ ಸೀರೆ. ತಾಂಬಾದ ಓಣಿಯಲ್ಲಿ ಕೆಲವರು ಇದನ್ನು ಸೊಕ್ಕು ಅಂದರು. ಮಗಳನ್ನು ಮುದ್ದೇಬಿಹಾಳದ ದೊಡ್ಡ ಮನೆಗೆ ಕೊಟ್ಟ ಮೇಲೆ ಸಾವಿತ್ರವ್ವನ ಕಾಲು ನೆಲಕ್ಕೆ ಹತ್ತುವುದಿಲ್ಲ ಅಂದರು.

ಸೊಕ್ಕಲ್ಲ, ರಕ್ತ. ತಿಂಗಳಿಗೊಮ್ಮೆ ಬರಬೇಕಾದದ್ದು ತಿಂಗಳಲ್ಲಿ ಎರಡು ಸಲ ಬಂದು, ಬರಬರುತ್ತ ನಿಲ್ಲುವುದನ್ನೇ ಮರೆತಿತ್ತು. ಎಲ್ಲಿ ಕೂತರೆ ಎಲ್ಲಿ ಕಲೆಯಾದೀತೋ ಎಂಬ ಹೆದರಿಕೆಯಲ್ಲಿ ಅವಳಿಗೆ ಕೂಡುವ ರೂಢಿಯೇ ತಪ್ಪಿತ್ತು. ಕಡೆಗೆ ಜೋಳದ ಹೊಲದಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದ ಮೇಲೆ ಗಂಡ ಗುರಪ್ಪ ಇಂಡಿಯ ದವಾಖಾನೆಗೆ ಕರೆದೊಯ್ದ. ಅಲ್ಲಿಗೆ ವಾರಕ್ಕೊಮ್ಮೆ ಸೋಲಾಪುರದಿಂದ ಡಾಕ್ಟರಬಾಯಿಯೊಬ್ಬರು ಬರುತ್ತಿದ್ದರು. ಸಾವಿತ್ರವ್ವ ಜತೆಗೆ ಪಕ್ಕದ ಮನೆಯ ಗೌಸಬಿಯನ್ನೂ ಎಳೆದುಕೊಂಡು ಹೋದಳು. ಗೌಸಬಿಗೂ ಹೇಳಿಕೊಳ್ಳಲಾಗದ ಒಂದು ಬೇನೆಯಿತ್ತು. ಕಡೆಯ ಬಾಣಂತನದ ನಂತರ ಅವಳಿಗೆ ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು.

ಡಾಕ್ಟರಬಾಯಿ ಪರೀಕ್ಷೆ ಮಾಡಿ, ಕೈ ತೊಳೆಯುತ್ತ ಹೇಳಿದರು.

“ಗರ್ಭದ ಚೀಲದಾಗ ಗಂಟು ಬೆಳದಾವ್ರಿ. ಬರೇ ಗಂಟು ತೆಗಿಯಾಕ ಬರತೈತಿ. ಆದ್ರ ಸಣ್ಣವು ಉಳದ್ರ ಮತ್ತ ಬೆಳೀತಾವು. ಮಕ್ಕಳು ಸಾಕಾಗಿದ್ರ ಚೀಲಾನ ತೆಗೆಸೂದು ಚೊಲೊ. ಕಾಟ ಮುಗೀತದ.”

“ತಾನ ನಿಲ್ಲೂ ಮಟಾ ಕಾಯ್ದರ ಆಗೂದಿಲ್ಲೇನ್ರಿ?”

“ಕಾಯಬಹುದು. ನಿಮ್ಮ ಕಣ್ಣಾಗ ನೋಡ್ರಿ, ಬೆಳ್ಳಗ ಸುಣ್ಣ ಹಚ್ಚಿದಂಗ ಅದಾವು. ಕಾಯಾಕ ಮೈಯಾಗ ರಕ್ತ ಬೇಕಲ್ರಿ. ಮುಂದಿನ ವಾರ ಬಂದು ಹೇಳ್ರಿ. ಹೂಂ ಅಂದ್ರ ಅವತ್ತ ನನ್ನ ಜೋಡಿನ ಸೋಲಾಪುರಕ್ಕ ರೈಲಿಗೆ ಹೋಗೂಣು.”

ಗೌಸಬಿಗೂ ಎರಡು ದಾರಿ ಹೇಳಿದರು: ಶಸ್ತ್ರಕ್ರಿಯೆ, ಇಲ್ಲವೇ ಒಳಗೆ ರಬ್ಬರಿನ ಬಳೆಯೊಂದನ್ನು ಕೂಡಿಸುವುದು. ಮರಳಿ ಬರುವಾಗ ಗುರಪ್ಪ ಬಸ್ಸಿನಲ್ಲಿ ಮುಂದೆ ಕೂತ, ಹೆಂಗಸರಿಬ್ಬರೂ ಹಿಂದೆ. ಕೂತವಳು ಗೌಸಬಿ ಮಾತ್ರ. ಸಾವಿತ್ರವ್ವ ಕಂಬಿ ಹಿಡಿದು ನಿಂತಿದ್ದಳು.

“ಕೈಗೆ ಬಳಿ ಇಡಿಸಿ ಇಡಿಸಿ ಬಳಿಗಾರನ ಮನಿ ತುಂಬಿಸೀನಿ,” ಅಂದಳು ಗೌಸಬಿ. “ಇನ್ನ ಅಲ್ಲಿಗೂ ಒಂದು ಬಳಿ. ನಾ ಬಳೀನ ಹಾಕಿಸಿಕೋತೇನಿ ಸಾವಿತ್ರಕ್ಕ. ಕೊಯ್ಯೂದು ಬ್ಯಾಡ. ನಮ್ಮ ಮನಿಯಾಂವ ಏನಂತಾನ ಗೊತ್ತೇನು? ಚೀಲ ತೆಗೆಸಿದ ಹೆಂಗಸಿಗೆ ಮೀಸಿ ಬರತಾವಂತ.”

“ಲಕ್ಕವ್ವಕ್ಕಗ ಬಂದಿಲ್ಲಲ್ಲ.”

“ಬಂದಾವು. ಮೊದಲೂ ಇದ್ದೂ.”

ಸಾವಿತ್ರವ್ವ ನಗಲಿಲ್ಲ. ಲಕ್ಕವ್ವನ ಹೆಸರು ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಒಳಗೆಲ್ಲೋ ಚುಚ್ಚಿತು.

ಲಕ್ಕವ್ವ ಅದೇ ಓಣಿಯ ಕಡೆಯ ಮನೆಯವಳು. ಎರಡು ವರ್ಷದ ಹಿಂದೆ ಚೀಲ ತೆಗೆಸಿಕೊಂಡು ಬಂದಿದ್ದಳು. ಅದಕ್ಕೂ ಮೊದಲು ಓಣಿಯಲ್ಲಿ ಯಾರ ಮನೆಯ ಬಸುರಿಯ ಕುಬಸವಾಗಲಿ, ಯಾರ ಮಗಳು ಗಂಡನ ಮನೆಗೆ ಹೊರಡಲಿ, ಉಡಿ ತುಂಬಲು ಮೊದಲು ಕರೆಯುವುದು ಅವಳನ್ನೇ. ಸೆರಗು ಹಿಡಿದ ಹೆಣ್ಣಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಹಾಕುವಾಗ ಅವಳ ಬೊಗಸೆಯಿಂದ ಒಂದು ಕಾಳೂ ಕೆಳಗೆ ಬೀಳುತ್ತಿರಲಿಲ್ಲ. ಈಗ ಉಡಿ ತುಂಬುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಒಲೆಯ ಮುಂದೆ ಬೆನ್ನು ತಿರುವಿ ಕೂತಿರುತ್ತಾಳೆ. ಯಾರೂ ಕರೆಯುವುದಿಲ್ಲ, ಅವಳೂ ಏಳುವುದಿಲ್ಲ. ಬರಿದಾದ ಹೊಟ್ಟೆಯವಳು ಇನ್ನೊಬ್ಬಳ ಉಡಿ ಹೇಗೆ ತುಂಬಿಯಾಳು ಎಂದು ಯಾರೋ ಹೇಳಿರಬೇಕು. ಯಾವ ಹಿರಿಯರು, ಯಾವ ಮಠದವರು ಹೇಳಿದರೋ ಸಾವಿತ್ರವ್ವನಿಗೆ ಗೊತ್ತಿರಲಿಲ್ಲ. ಕೇಳಲು ಹೋಗಿರಲೂ ಇಲ್ಲ.

ಈಗ ಕೇಳಬೇಕಾಗಿತ್ತು. ಮಗಳು ಸುಮಿತ್ರಾ ಚೊಚ್ಚಲ ಬಸುರಿ. ಇನ್ನೆರಡು ತಿಂಗಳಿಗೆ ಕುಬಸಕ್ಕೆಂದು ತವರಿಗೆ ಬರುವವಳು. ಅವಳ ಉಡಿಗೆ ಮೊದಲ ಬೊಗಸೆ ತಾಯಿಯದು. ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಾಗ ತಾನು ಒಲೆಯ ಮುಂದೆ ಬೆನ್ನು ತಿರುವಿ ಕೂಡಬೇಕೇ? ಬರೇ ಗಂಟು ತೆಗೆಸಿದರೆ ಚೀಲವಂತೂ ಉಳಿಯುತ್ತದೆ. ಆದರೆ ಗಂಟು ಮತ್ತೆ ಬೆಳೆದರೆ? ಕುಬಸದ ತನಕ ತಡೆದರೆ? ಆ ತನಕ ತಾನೇ ಉಳಿಯದಿದ್ದರೆ?

ಮನೆಯಲ್ಲಿ ಕೇಳಿದಳು. ಗುರಪ್ಪ ಒಳ್ಳೆಯ ಮನುಷ್ಯ, ಅದೇ ತೊಂದರೆ. “ಹೊಟ್ಟಿ ನಿಂದು. ನೀ ಹ್ಯಾಂಗಂತೀ ಹಂಗ,” ಅಂದು ಎತ್ತಿನ ಕಡೆ ನಡೆದ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅತ್ತೆ ಗುರವ್ವ ಎಲೆಗೆ ಸುಣ್ಣ ಸವರುತ್ತ, “ನಮ್ಮ ಕಾಲಕ್ಕ ಇಂಥಾ ಚೀಲಾನೂ ಇರಲಿಲ್ಲ, ತೆಗಿಯವರೂ ಇರಲಿಲ್ಲ. ಸೋರವರು ಸೋರಿ ಸತ್ತರು,” ಅಂದಳು. ಅದು ತೆಗೆಸು ಅಂದಂತೆಯೋ ಬೇಡ ಅಂದಂತೆಯೋ ಸಾವಿತ್ರವ್ವನಿಗೆ ತಿಳಿಯಲಿಲ್ಲ. ಅವಳು ಒಳಗೆ ಹೋದಳು, ಹೊರಗೆ ಬಂದಳು. ರೊಟ್ಟಿಗೆ ಹಿಟ್ಟು ನಾದಿದವಳು ಬಿಸಿನೀರು ಹಾಕಿದೆನೋ ಇಲ್ಲವೋ ಎಂದು ಮತ್ತೆ ನೀರು ಸುರಿದಳು. ಆ ದಿನ ಮನೆಯವರು ರೊಟ್ಟಿಯ ಬದಲು ಮುದ್ದೆಯಂಥದೇನೋ ತಿಂದರು.

ಮತ್ತೆ ಇಂಡಿಗೆ ಹೋಗುವ ದಿನ ನಾಳೆ ಅನ್ನುವಾಗ ಕಾಲು ತಾನಾಗಿಯೇ ಅವಳನ್ನು ಲಕ್ಕವ್ವನ ಮನೆಗೆ ಎಳೆಯಿತು. ಲಕ್ಕವ್ವ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ಸಾವಿತ್ರವ್ವ ಎಂದಿನಂತೆ ಚೌಕಟ್ಟು ಹಿಡಿದು ನಿಂತಳು.

“ಕುಂಡ್ರು.”

“ಇಲ್ಲಕ್ಕ, ಎಮ್ಮಿ...”

“ನಿಮ್ಮ ಎಮ್ಮಿ ಬತ್ತಿದ್ದು ಊರಿಗೆಲ್ಲ ಗೊತ್ತೈತಿ.” ಲಕ್ಕವ್ವ ಮೂಲೆಯಲ್ಲಿದ್ದ ಗೋಣಿತಟ್ಟನ್ನು ಅವಳ ಕಾಲ ಬಳಿ ಎಸೆದಳು. “ಇದನ್ನ ಹಾಸಕೊ. ಕಲಿ ಬಿದ್ರ ನಾ ತೊಳೀತೇನಿ. ಮೂರು ವರ್ಷ ನಂದ ನಾ ತೊಳಕೊಂಡೀನಿ, ನಿಂದೇನು ಹೆಚ್ಚು?”

ಸಾವಿತ್ರವ್ವ ಕೂತಳು. ಕೂತದ್ದಕ್ಕೇ ಅವಳ ಕಣ್ಣು ತುಂಬಿತು. ಬೇನೆ ಎಷ್ಟಾಗತೈತಿ, ಮೂರ್ಛೆಯ ಔಷಧಿ ಕೊಟ್ಟಾಗ ಏನು ಕಾಣತೈತಿ ಎಂದೆಲ್ಲ ಸುತ್ತು ಬಳಸಿ ಕೇಳಿದಳು. ಲಕ್ಕವ್ವ ಕೇರುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು. ಏನೂ ಕಾಣುವುದಿಲ್ಲ. ಎದ್ದಾಗ ಬಾಯಿ ಒಣಗಿರುತ್ತದೆ. ಕೆಮ್ಮಿದರೆ ಹೊಲಿಗೆ ಹರಿದಂತಾಗುತ್ತದೆ, ಹರಿಯುವುದಿಲ್ಲ. ಈಗಲೂ ಒಮ್ಮೊಮ್ಮೆ ಮೈಯೆಲ್ಲ ಝಳ ಹೊಡೆದು ಬೆವರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ.

“ಮತ್ತ... ಮನ್ಯಾಗ? ಅಣ್ಣಾರು?”

“ಅಂವಗೇನಾಗತೈತಿ? ಚೀಲ ಹೋಗಿದ್ದು ನಂದು. ಅಂವ ಮೊದಲಿನಂಗ ಗೊರಕಿ ಹೊಡೀತಾನ.”

ಸಾವಿತ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅಕ್ಕ, ಸಿಟ್ಟಾಗಬ್ಯಾಡ. ಉಡಿ ತುಂಬಾಕ ನಿನಗ ಬ್ಯಾಡಂದವರು ಯಾರು? ಲಚ್ಯಾಣದ ಮಠದಾಗ ಕೇಳಿದ್ದೇನು?”

ಮೊರ ನಿಂತಿತು. ಲಕ್ಕವ್ವ ಜೋಳದಲ್ಲಿ ಕಲ್ಲು ಹುಡುಕತೊಡಗಿದಳು.

“ಯಾರೂ ಅನ್ನಲಿಲ್ಲ.”

“ಯಾರೂ ಅನ್ನದ...”

“ದವಾಖಾನಿಯಿಂದ ಬಂದ ಮ್ಯಾಲ ಮೊದಲನೇ ಕುಬಸ ಸಿದ್ದರಾಯನ ಮನ್ಯಾಗ. ಹೋಳಿಗಿ ಹಂಚಿನ ಮ್ಯಾಲ ಇತ್ತು. ಎದ್ರ ಸೀದೀತು ಅಂತ ಕುಂತೆ. ಮುಗಿಸಿ ಬರೂದ್ರಾಗ ಉಡಿ ತುಂಬೂದು ಆಗಿತ್ತು. ಅಷ್ಟ. ಎರಡನೇ ಉಡಿ ಯಾರ ಮನ್ಯಾಗ, ನೆನಪೈತೇನು?”

ಸಾವಿತ್ರವ್ವನಿಗೆ ನೆನಪಿತ್ತು. ನೆನಪಿಲ್ಲದಿದ್ದರೆ ಚೆನ್ನಾಗಿತ್ತು.

“ನಿಮ್ಮ ಮನ್ಯಾಗ. ಸುಮಿತ್ರಾನ ಲಗ್ನದಾಗ, ಹುಡುಗೀನ ಕಳಿಸೂ ಮುಂದ. ಕರೀತೀರಿ ಅಂತ ಒಲಿ ಮುಂದ ಕುಂತಿದ್ದೆ. ಬಾಗಲಕ್ಕ ಯಾರೋ ಬಂದ್ರು. ಬಳಿ ಸಪ್ಪಳ ಕೇಳಿಸಿತು. ನಿಂತ್ರು, ತಿರುಗಿ ಹೋದ್ರು. ಮೂರನೇ ಸಲಕ್ಕ ನಾನ ತಿಳಕೊಂಡೆ.”

ಆ ಬಳೆಗಳು ಸಾವಿತ್ರವ್ವನ ಕೈಯಲ್ಲೇ ಇದ್ದವು. ಅಂದು ಲಕ್ಕವ್ವನನ್ನು ಕರೆಯಲೆಂದೇ ಅಡುಗೆಮನೆಯ ತನಕ ಬಂದಿದ್ದಳು. ಅವಳ ಬೆನ್ನು ನೋಡಿ, ಸಿದ್ದರಾಯನ ಮನೆಯಲ್ಲೂ ಇವಳು ಹೀಗೇ ಕೂತಿದ್ದಳಲ್ಲ, ಯಾರೋ ಬೇಡ ಅಂದಿರಬೇಕು, ಕರೆದು ಪಾಪ ಅವಳ ಮನಸ್ಸು ಯಾಕೆ ನೋಯಿಸಲಿ ಎಂದು ಹಿಂದಿರುಗಿದ್ದಳು. ಒಳ್ಳೆಯದು ಮಾಡಿದೆನೆಂದೇ ಅಂದುಕೊಂಡಿದ್ದಳು. ಅವಳನ್ನು ನೋಡಿ ಉಳಿದವರೂ ಕರೆಯಲಿಲ್ಲ. ಒಂದು ಹೋಳಿಗೆ ಸೀಯಬಾರದೆಂದು ಕೂತದ್ದು ಓಣಿಯ ಶಾಸ್ತ್ರವಾಗಿ ನಿಂತಿತು. ಈಗ ಅದೇ ಶಾಸ್ತ್ರಕ್ಕೆ ಹೆದರಿ ತಾನು ಸೋರುತ್ತ ಕೂತಿದ್ದಾಳೆ.

ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. “ಅಕ್ಕ, ಆವತ್ತ ನಾನ...”

“ಗೊತ್ತೈತಿ. ನಿನ್ನ ಬಳಿ ಸಪ್ಪಳ ನನಗ ತಿಳೀದೇನು?” ಲಕ್ಕವ್ವ ಮತ್ತೆ ಮೊರ ಎತ್ತಿಕೊಂಡಳು. “ಡಾಕ್ಟರ ಒಂದು ಚೀಲ ತೆಗದ್ರು. ಉಳದದ್ದು ನೀವು ತೆಗದ್ರಿ. ಏಳು ಇನ್ನ, ಜೋಳದಾಗ ಕಣ್ಣೀರ ಬಿದ್ರ ಹುಳ ಹಿಡೀತಾವು.”

ಮರುದಿನ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿ ಆಗಿತ್ತು. ಸೋಲಾಪುರಕ್ಕೆ ಹೋಗುವುದೋ, ಇಂಡಿಯಿಂದಲೇ ಮರಳುವುದೋ ಸಾವಿತ್ರವ್ವ ಯಾರಿಗೂ ಹೇಳಿರಲಿಲ್ಲ. ಹೊರಡುವ ಹೆಣ್ಣಿಗೆ ಉಡಿ ತುಂಬಬೇಕಲ್ಲ ಎಂದು ಓಣಿಯ ಹೆಂಗಸರು ನಾಲ್ಕಾರು ಮಂದಿ ಬಂದಿದ್ದರು. ಲಕ್ಕವ್ವನೂ ಬಂದಳು, ಬಂದವಳು ರೂಢಿಯಂತೆ ನೇರ ಅಡುಗೆಮನೆಗೆ ನಡೆದು, ಬುತ್ತಿಯ ರೊಟ್ಟಿ ಬೇಯಿಸುವ ನೆವದಲ್ಲಿ ಒಲೆಯ ಮುಂದೆ ಕೂತಳು. ಗುರವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಜೋಡಿಸಿ, “ಯಾರರೇ ಲಗೂ ತುಂಬ್ರಿ, ಬಸ್ ಬರೂ ಹೊತ್ತಾತು,” ಅಂದಳು.

ಸಾವಿತ್ರವ್ವ ಮಣೆಯ ಹತ್ತಿರ ಹೋದಳು, ಮರಳಿದಳು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಳೆ ಸಪ್ಪಳವಾಯಿತು. ಒಲೆಯ ಮುಂದಿನ ಬೆನ್ನು ಬಿಗಿಯಾದದ್ದು ಅವಳಿಗೆ ಕಂಡಿತು.

“ಲಕ್ಕವ್ವಕ್ಕ, ಬಾ. ಉಡಿ ತುಂಬು.”

“ರೊಟ್ಟಿ ಹಂಚಿನ ಮ್ಯಾಲೈತಿ.”

“ಸೀಯಲಿ.”

ಪಡಸಾಲೆಯಲ್ಲಿ ಗುರವ್ವ ತಲೆ ಎತ್ತಿದಳು. “ಆಕೀಗೆ...” ಅಂದು ತಡೆದಳು.

“ಆಕೀಗೆ ಏನು ಅತ್ತಿ?”

ಎಲ್ಲರೂ ಮುದುಕಿಯ ಬಾಯಿ ನೋಡಿದರು. ಗುರವ್ವ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ತಿರುವಿದಳು. ಹೇಳಲು ಹೋದರೆ ಯಾರು ಹೇಳಿದ ಮಾತು ಅದು ಎಂಬುದು ಅವಳಿಗೂ ಗೊತ್ತಿರಲಿಲ್ಲ.

“ಮೊಳಕಾಲ ನೋವು ಅಂತಿದ್ಲಪ್ಪ. ಬಗ್ಗಾಕ ಆದೀತೋ ಇಲ್ಲೋ ಅಂತ ಕೇಳಿದೆ,” ಅಂದು ಮೊರವನ್ನು ಮುಂದಕ್ಕೆ ಸರಿಸಿದಳು.

ಸಾವಿತ್ರವ್ವ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಲಕ್ಕವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಒಂದು ಕಾಳೂ ಬೀಳಿಸದ ಆ ಬೊಗಸೆಯಿಂದ ಅಕ್ಕಿ ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ. ತುಂಬಿದ ಮನೆ ಬರಿದಾಗಬಾರದೆಂದು ಉಡಿಯಿಂದ ಒಂದು ಚಿಟಿಕೆ ಅಕ್ಕಿಯನ್ನು ಮರಳಿ ಹಾಕುವ ಪದ್ಧತಿ. ಸಾವಿತ್ರವ್ವ ಅದನ್ನು ಮೊರಕ್ಕೆ ಹಾಕದೆ ಲಕ್ಕವ್ವನ ಸೆರಗಿಗೆ ಹಾಕಿದಳು.

“ಸುಮಿತ್ರಾನ ಕುಬಸಕ್ಕ ನೀನೂ ನಾನೂ ಕೂಡೇ ತುಂಬೂಣು.”

ಲಕ್ಕವ್ವ “ರೊಟ್ಟಿ,” ಅಂದು ಒಳಗೆ ಓಡಿದಳು. ನಿಜವಾಗಿಯೂ ಸೀದ ವಾಸನೆ ಬರುತ್ತಿತ್ತು.

ಬಸ್ಸಿನಲ್ಲಿ ಗುರಪ್ಪ ಮೊದಲಿನಂತೆ ಮುಂದೆ ಕೂತ. ಹಿಂದೆ ಸಾವಿತ್ರವ್ವ ಉಡಿಯ ಗಂಟನ್ನು ಅವುಚಿಕೊಂಡು ನಿಂತಿದ್ದಳು. ಮನಸ್ಸು ತಣ್ಣಗಾಗಿರಲಿಲ್ಲ. ಲಕ್ಕವ್ವನಿಗಾಗಿ ಕರೆದೆನೋ, ನಾಳೆ ತನ್ನನ್ನೂ ಯಾರಾದರೂ ಕರೆಯಲಿ ಎಂಬ ಆಸೆಗೆ ಕರೆದೆನೋ? ಕುಬಸದ ದಿನ ಮುದ್ದೇಬಿಹಾಳದ ಬೀಗರು ಮುಖ ಕಿವುಚಿದರೆ? ಔಷಧಿಯ ನಿದ್ದೆಯಿಂದ ಏಳದಿದ್ದರೆ? ಒಂದು ಹೆದರಿಕೆ ಇಳಿದ ಜಾಗಕ್ಕೆ ಇನ್ನೆರಡು ಹತ್ತಿ ಕೂತಿದ್ದವು.

ಬಳೆ ಹಾಕಿಸಿಕೊಳ್ಳಲು ಹೊರಟ ಗೌಸಬಿ ತನ್ನ ಹಳೆಯ ದುಪಟಿಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿ ಹಾಸಿದಳು. “ಕುಂಡ್ರ, ಸಾವಿತ್ರಕ್ಕ. ನೋಡವರ ಕಾಲು ನೋಯಾಕತ್ತಾವು.”

ಸಾವಿತ್ರವ್ವ ಸೀಟಿನ ತುದಿಯಲ್ಲಿ ಕೂತಳು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದಳು.

“ಡಾಕ್ಟರಬಾಯಿಗೆ ಏನಂತೀ?”

“ಚೀಲಾನ ತೆಗೀರಿ ಅಂತೇನಿ.”

“ಖರೇನ?”

“ಇಂಡಿ ಬರೂ ಮಟಾ ಖರೇ.” ಸಾವಿತ್ರವ್ವ ಕಿಟಕಿಯ ಹೊರಗೆ ನೋಡಿದಳು. “ಅಲ್ಲಿ ಇಳದ ಮ್ಯಾಲ ನನ್ನ ಕೈ ಬಿಡಬ್ಯಾಡ. ರೈಲಿಗೆ ಹತ್ತೂ ಮಟಾ ಹಿಡಕೊಂಡ ಬಾ.”

“ಬಳಿ ಹಾಕಿಸಿಕೊಂಡ ಕೂಡ್ಲೆ ಓಡಾಕ ಬರತೈತೋ ಇಲ್ಲೋ ಕೇಳೇ ಇಲ್ಲ,” ಅಂದ ಗೌಸಬಿ, ಅವಳ ಉಡಿಯಿಂದ ಒಂದು ಉತ್ತತ್ತಿ ತೆಗೆದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ಸಾವಿತ್ರವ್ವನ ಮಣಿಕಟ್ಟನ್ನು ಈಗಲೇ ಹಿಡಿದಳು.