ಹೇಮಶ್ರೀ ಬರೆದ ಚೌಕಗಳು

ಪಾಂಡವಪುರದ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷ ಓದುತ್ತಿದ್ದ ಹೇಮಶ್ರೀಗೆ ಚಿತ್ರ ಬರೆಯುವ ಕೈ ಇತ್ತು. ತರಗತಿಯವರು ಸೇರಿ ಅಂಕಕ್ಕಾಗಿ ಕಿರುಚಿತ್ರ ಮಾಡಬೇಕೆಂದಾದಾಗ ಸಹಪಾಠಿ ಕಿಶನ್ ನಿರ್ದೇಶಕನಾದ, ಸ್ಟೋರಿಬೋರ್ಡಿನ ಕೆಲಸ ಇವಳ ಪಾಲಿಗೆ ಬಂತು. ಕಥೆಯೂ ಇವಳದೇ. ಬೆಳಗೊಳದಲ್ಲಿರುವ ಚಿಕ್ಕಮ್ಮ ಜಯಲಕ್ಷ್ಮಮ್ಮ ನಾಟಿ ಹಾಕುವ ಹೆಂಗಸರ ಗುಂಪೊಂದನ್ನು ನಡೆಸುತ್ತಾಳೆ. ಯಾರ ಗದ್ದೆಗೆ ಯಾವತ್ತು ಇಳಿಯಬೇಕು ಅನ್ನುವುದು ಅವಳ ತೀರ್ಮಾನ. ಅವಳ ಒಂದು ಬೆಳಗ್ಗೆಯನ್ನು ತೋರಿಸಬೇಕು, ಅಷ್ಟೇ.

ಹೇಮಶ್ರೀ ಬದುವಿನ ಮೇಲೆ ಕೂತು ಬರೆದಳು. ದೊಡ್ಡ ಹಾಳೆಗಳ ಮೇಲೆ ಚೌಕಗಳು, ಒಂದೊಂದರಲ್ಲಿ ಒಂದೊಂದು ದೃಶ್ಯ. ಪೈರಿನ ಕಟ್ಟು ಬಿಚ್ಚುತ್ತಾ ನಗುವ ಚಿಕ್ಕಮ್ಮ, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗಿ ಯಾರನ್ನೋ ಗದರುವ ಚಿಕ್ಕಮ್ಮ. ಎಲ್ಲ ಚೌಕದ ಕೆಳಗೂ ‘ಕ್ಯಾಮೆರಾ ಎದುರಿಗೆ, ಕಣ್ಣಿನ ಮಟ್ಟಕ್ಕೆ’ ಎಂದು ಬರೆದಿದ್ದಳು. ನಾಟಿಯ ಹೆಂಗಸರನ್ನು ಸಿನಿಮಾದವರು ಯಾವ ಕಡೆಯಿಂದ ತೋರಿಸುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ಚಿತ್ರೀಕರಣಕ್ಕೆ ಮೊದಲು ಕಿಶನ್ ಆ ಹಾಳೆಗಳನ್ನು ತಂದು ಜಯಲಕ್ಷ್ಮಮ್ಮನ ಮನೆಯ ಪಡಸಾಲೆಯಲ್ಲಿ ಹರಡಿದ. ಹೆಂಗಸರು ಬಗ್ಗಿ ನೋಡಿ ತಮ್ಮ ತಮ್ಮ ಮುಖ ಗುರುತು ಹಿಡಿದು ನಕ್ಕರು. ಗುಂಪಿನ ಹಿರಿಯಳಾದ ಸಿದ್ದಲಿಂಗಮ್ಮ ಮಾತ್ರ ಕೇಳಿದಳು: “ಇಂದ್ಗಡೆಯಿಂದ ಗಿಂದ್ಗಡೆಯಿಂದ ತಗ್ದೀಯ ಕಣಪ್ಪ?”

“ಇಲ್ಲ ಕಣಕ್ಕ. ಇದ್ರಲ್ಲಿ ಎಂಗೈತೋ ಅಂಗೇ,” ಅಂದ ಕಿಶನ್. ಊಟ ಮಾಡಿಕೊಂಡೇ ಹೋದ.

ಚಿತ್ರೀಕರಣದ ದಿನ ಬೆಳಗ್ಗೆ, ಮೆಮೊರಿ ಕಾರ್ಡು ಸಾಲುವುದಿಲ್ಲವೆಂದು ಅವನು ಹೇಮಶ್ರೀಯನ್ನು ಶ್ರೀರಂಗಪಟ್ಟಣಕ್ಕೆ ಅಟ್ಟಿದ. ಬಸ್ಸು ಹಿಡಿದು ವಾಪಸ್ಸು ಬರುವಷ್ಟರಲ್ಲಿ ನಾಟಿಯ ದೃಶ್ಯವೆಲ್ಲ ಮುಗಿದಿತ್ತು.

ಕಾಲೇಜಿನಲ್ಲಿ ಎಡಿಟಿಂಗಿಗೆ ಕೂತಾಗ ಅವಳು ಅದನ್ನು ನೋಡಿದಳು. ಬಗ್ಗಿದ ಬೆನ್ನುಗಳು, ಎತ್ತಿಕಟ್ಟಿದ ಸೀರೆ, ಕೆಸರು ಹತ್ತಿದ ತೊಡೆ. ಎಲ್ಲವನ್ನೂ ಹಿಂದಿನಿಂದ, ಕೆಳಗಿನಿಂದ, ನಿಧಾನವಾಗಿ ತೆಗೆದಿದ್ದರು.

“ಏನಿದು ಕಿಶನ್?”

“ಲೈಟು ಆ ಕಡೆ ಚೆನ್ನಾಗಿತ್ತು. ಸ್ಟೋರಿಬೋರ್ಡು ಅಂದ್ರೆ ಶಾಸನನಾ? ಡೈರೆಕ್ಟ್ರು ನಾನು.”

ಅವಳು ಉಪನ್ಯಾಸಕ ಧರ್ಮೇಂದ್ರ ಸರ್ ಬಳಿ ಹೋದಳು. ಅವರು ತುಣುಕು ನೋಡಿ ಕನ್ನಡಕ ಒರೆಸಿಕೊಂಡರು. “ದುಡಿಮೆ ಅಂದ್ಮೇಲೆ ಬಗ್ಗಲೇಬೇಕಲ್ವಾಮ್ಮಾ. ನೀನ್ಯಾಕೆ ಆ ದೃಷ್ಟೀಲಿ ನೋಡ್ತೀಯ?”

ತಪ್ಪು ನೋಟ ತನ್ನದೇ ಎಂಬಂಥ ಆ ಮಾತಿಗೆ ಹೇಮಶ್ರೀಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ತುಣುಕನ್ನು ಫೋನಿಗೆ ಹಾಕಿಕೊಂಡು ನೆಟ್ಟಗೆ ಬೆಳಗೊಳದ ಬಸ್ಸು ಹತ್ತಿದಳು.

ಚಿಕ್ಕಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಫೋನು ಇಸಕೊಂಡಳು. ಕೊನೆಯವರೆಗೂ ನೋಡಿದಳು.

“ನನ್ನ ಮಕ ಎಲ್ಲೈತೆ ಏಮಶ್ರೀ?”

ಹೇಮಶ್ರೀ ತಲೆ ತಗ್ಗಿಸಿದಳು.

“ನೀ ಯಾಕವ್ವ ತಲೆ ತಗ್ಗುಸ್ತೀಯಾ? ನಡಿ, ಸಿದ್ದಲಿಂಗಕ್ಕನ್ನೂ ಕರಿ. ನಾಳೀಕೆ ನಿನ್ ಕಾಲೇಜ್ಗೆ ಓಗುವ.”

ಮರುದಿನ ಇಬ್ಬರು ಹೆಂಗಸರೂ ವಿಭಾಗದ ಕೋಣೆಗೆ ಬಂದು ನಿಂತಾಗ ಕಿಶನ್ ಎದ್ದು ನಿಂತ. “ಅಕ್ಕ, ನೀವೇ ಒಪ್ಕೊಂಡಿದ್ರಲ್ಲ…”

“ಏನ ಒಪ್ಕೊಂಡಿದ್ದು?” ಜಯಲಕ್ಷ್ಮಮ್ಮ ಹೇಮಶ್ರೀಯ ಹಾಳೆಗಳನ್ನು ಮೇಜಿನ ಮೇಲೆ ಬಡಿದಳು. “ಇದ ತೋರ್ಸಿ ಕೇಳ್ದೆ, ಇದಕ್ಕೆ ಊಂ ಅಂದೋ. ನಮ್ಮನೇಲಿ ಉಂಡು, ಅಂಗೇ ತೆಗೀತೀನಿ ಅಂದ್ಬುಟ್ಟು, ಇಂದ್ಗಡೆ ಓಗಿ ಕುಕ್ಕರ್ಸಿದ್ಯಲ್ಲೋ! ನಿಮ್ಮವ್ವ ನಾಟಿ ಆಕಿದ್ರೆ ಇಂಗೇ ತಗೀತಿದ್ಯೇನ್ಲಾ?”

ಧರ್ಮೇಂದ್ರ ಸರ್ “ಕೂತ್ಕೊಳ್ಳಿಮ್ಮಾ, ಮಸುಕು ಮಾಡಿಸೋಣ” ಎಂದರು.

“ಮಸುಕು ಯಾಕ್ ಮಾಡೀರಿ ಸಾಮಿ, ನಾವೇನ್ ಕಳ್ಳರಾ?” ಅಂದಳು ಸಿದ್ದಲಿಂಗಮ್ಮ. “ಅಳಿಸ್ಬುಡಿ.”

“ನಮ್ಮ ಮುಂದೇನೇ ಅಳಿಸ್ಬೇಕು ಸರ್,” ಎಂದಳು ಹೇಮಶ್ರೀ. “ಎಲ್ಲಾ ಕಾಪೀನೂ.”

ಸರ್ ಹಾಳೆಗಳನ್ನು ನೋಡಿ, ಕಿಶನ್‌ಗೆ ಕಣ್ಸನ್ನೆ ಮಾಡಿದರು. ಅವನು ಅಳಿಸಿದ. ಚಿತ್ರದಲ್ಲಿ ಉಳಿದದ್ದು ನಾಲೆಯ ನೀರು, ಕೊಕ್ಕರೆಗಳು ಅಷ್ಟೇ.

ಅಷ್ಟು ಹೊತ್ತಿಗೆ ಬೆಳಗೊಳದ ಕಡೆ ನಾಟಿ ಮುಗಿದಿತ್ತು. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ ನೀರು ತಡವಾಗಿ ಬಂದು, ಜಯಲಕ್ಷ್ಮಮ್ಮನ ನಾದಿನಿಯ ಗದ್ದೆ ಇನ್ನೂ ಬಾಕಿಯಿತ್ತು. ಹೊಸದಾಗಿ ಚಿತ್ರ ತೆಗೆಯಲು ಹೇಮಶ್ರೀ ಗುಂಪಿನ ಜೊತೆ ಅಲ್ಲಿಗೇ ಹೋದಳು. ತರಗತಿಯ ಗೆಳತಿ ಧನುಶ್ರೀ ಫೋನು ಹಿಡಿದಳು. ಹೇಮಶ್ರೀ ಕೆಸರಿಗಿಳಿದು ಒಂದೊಂದು ಚೌಕವನ್ನೂ ತೋರಿಸಿ ತೆಗೆಸಿದಳು. ಒಂದು ಕಡೆ ಮಾತ್ರ ತಾನು ಬರೆದದ್ದನ್ನು ಬದಲಾಯಿಸಿದಳು. ಗದರುವ ದೃಶ್ಯ ಇನ್ನೊಂದು ಸಲ ಮಾಡಿ ಅಂದಾಗ ಸಿದ್ದಲಿಂಗಮ್ಮ “ನಮ್ಗೆ ಕೆಲ್ಸ ಐತೆ, ನೀನೇ ಮಾಡ್ಕೊ ಓಗವ್ವ” ಎಂದು ನಿಜಕ್ಕೂ ರೇಗಿದಳು. ಚಿಕ್ಕಮ್ಮ ಗದರುವುದರ ಬದಲು ಅದನ್ನೇ ಇಟ್ಟುಕೊಂಡಳು. ಬದಲಾಯಿಸುವ ಮುನ್ನ ಹೆಂಗಸರನ್ನು ಕೇಳಿದ್ದಳು, ಅವರು ಒಪ್ಪಿದ್ದರು.

ಮೈಸೂರಿನ ಕಿರುಚಿತ್ರ ಸ್ಪರ್ಧೆಯೊಂದಕ್ಕೆ ಕಳಿಸುವ ದಿನ ದಾಟಿಹೋಗಿತ್ತು. ಕಾಲೇಜಿನಲ್ಲಿ ಚಿತ್ರ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು, ಕಿಶನ್ ಕೂಡ. ಆದರೂ ತಡವಾಯಿತೆಂದು ಅಂಕ ಕಡಿತವಾಯಿತು; ಕಡಿತವಾದದ್ದು ಹೇಮಶ್ರೀ ಮತ್ತು ಧನುಶ್ರೀಗೆ ಮಾತ್ರ. ಕಿಶನ್ ಕೊಕ್ಕರೆಗಳ ಚಿತ್ರವನ್ನು ಸಮಯಕ್ಕೆ ಸರಿಯಾಗಿ ಕೊಟ್ಟಿದ್ದ.

ಹೇಮಶ್ರೀ ಧರ್ಮೇಂದ್ರ ಸರ್ ಎದುರು ಹೋಗಿ ನಿಂತಳು. “ತಡ ಮಾಡಿದ್ದು ಯಾರು ಸರ್?”

“ಆಗಿದ್ದು ಆಗೋಯ್ತಲ್ಲಮ್ಮ. ಚಿತ್ರ ಚೆನ್ನಾಗಿ ಬಂದಿದೆ, ಅಷ್ಟು ಸಾಲ್ದಾ?”

“ಸಾಲ್ದು ಸರ್,” ಅಂದಳು ಹೇಮಶ್ರೀ. ಪ್ರಾಂಶುಪಾಲರ ಕೋಣೆಯ ಕಡೆ ನಡೆದಳು.